ನೀಲಿ ತಂತಿ

ದುಡ್ಡು ಆಮೇಲೆ ಎಣಿಸೋಣ, ಟೈರೆಲ್.
ಟ್ರೇಲರ್ ಮುಟ್ಟುವ ಮುಂಚೆ
ನಿನ್ನ ಪಿಕಪ್ಪಿನ ಬಾಲ ತೋರಿಸು.

ನಾಲ್ಕೇ ತೂತು.
ಅದಕ್ಕೊಂದು ಅಡಾಪ್ಟರ್ ಸಿಕ್ಕಿಸಿಕೊಂಡು
ಮೈಲ್ಸ್ ಸಿಟಿಯವರೆಗೂ ಬಂದಿದ್ದೀಯ,
ಹನ್ನೊಂದು ಡಾಲರಿನ ಧೈರ್ಯ.
ದೀಪ ಹತ್ತುತ್ತದೆ, ಇಲ್ಲ ಅನ್ನುವುದಿಲ್ಲ.
ಎಡ ಮಿನುಗುತ್ತದೆ, ಬಲ ಮಿನುಗುತ್ತದೆ,
ಪೆಡಲು ಒತ್ತಿದರೆ ಹಿಂದೆ ಎರಡು ಕೆಂಪು ಕಣ್ಣು.
ನೋಡಿದವರು ಅಂದುಕೊಳ್ಳುತ್ತಾರೆ: ನಿಲ್ಲುತ್ತಿದೆ.
ದೀಪಕ್ಕೇನು, ಅದು ಹೇಳುತ್ತದೆ ಅಷ್ಟೆ.
ನಿಲ್ಲಿಸುವುದು ನೀಲಿ ತಂತಿ.
ನಿನ್ನ ನಾಲ್ಕರಲ್ಲಿ ನೀಲಿ ಇಲ್ಲ.

ಬಾ ಇಲ್ಲಿ, ಮಂಡಿಯೂರು.
ಜಲ್ಲಿ ಚುಚ್ಚುತ್ತದೆ, ಚುಚ್ಚಲಿ.
ಕಂದು, ರಾತ್ರಿಯ ಅಂಚುದೀಪಕ್ಕೆ.
ಹಳದಿ ಎಡಕ್ಕೆ, ಹಸಿರು ಬಲಕ್ಕೆ;
ಅವೆರಡೂ ಅದಲುಬದಲಾಗಿದ್ದ ಒಂದು ವಾರ
ವರ್ಲಿನ್ ಇಡೀ ವ್ಯೋಮಿಂಗಿಗೆ
ಸುಳ್ಳು ಹೇಳಿಕೊಂಡು ಗಾಡಿ ಓಡಿಸಿದ.
ಕಪ್ಪು, ಬ್ಯಾಟರಿಗೆ ಬುತ್ತಿ ಒಯ್ಯುವವನು;
ದಪ್ಪ ಇರಬೇಕು, ಹತ್ತು ಗೇಜು,
ದಾರಿಯಲ್ಲಿ ಫ್ಯೂಸಿನ ಕಾವಲು ಇರಬೇಕು.
ನಡುವಿನದು ರಿವರ್ಸಿಗೆ. ನಮ್ಮದರಲ್ಲಿ
ಅದು ಎಲ್ಲಿಗೂ ಹೋಗುವುದಿಲ್ಲ, ಯಾಕೆಂದು ಕೇಳಬೇಡ.
ಇನ್ನು ಬಿಳಿ.
ಬಿಳಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.
ಹೋದದ್ದೆಲ್ಲ ಅದರಲ್ಲೇ ಮರಳಿ ಬರಬೇಕು.
ಅದರ ಬುಡಕ್ಕೆ ತುಕ್ಕು ಹಿಡಿಯಿತೋ,
ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲದ ದೀಪವೂ ತೂಕಡಿಸುತ್ತದೆ,
ಬ್ರೇಕು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ,
ಮೆಕ್ಯಾನಿಕ್ಕು ಬಲ್ಬು ಬದಲಿಸುತ್ತಾನೆ, ಬಿಲ್ಲು ಕೊಡುತ್ತಾನೆ.
ಮದ್ದು ಅಗ್ಗ: ಉಪ್ಪುಕಾಗದ, ಗ್ರೀಸು, ಒಂದು ಹೊಸ ಬೋಲ್ಟು.

ಒಳಗೆ, ನಿನ್ನ ಮೊಣಕಾಲ ಹತ್ತಿರ
ಬ್ರೇಕ್ ಕಂಟ್ರೋಲರ್ ಕೂರಿಸು.
ಖಾಲಿ ಬಯಲಲ್ಲಿ ಇಪ್ಪತ್ತು ಮೈಲಿ ವೇಗ;
ಪೆಡಲು ಮುಟ್ಟದೆ ಅದರ ಸನ್ನೆಯನ್ನಷ್ಟೇ ಒತ್ತು.
ಹಿಂದಿನಿಂದ ಯಾರೋ ಅಂಗಿ ಹಿಡಿದು
ತಡಿ ಮಾರಾಯ ಎಂದಂತಿರಬೇಕು.
ಚಕ್ರ ಕಿರುಚಿದರೆ ಹೆಚ್ಚಾಯಿತು.
ಏನೂ ಅನ್ನಿಸದಿದ್ದರೆ ಎರಡೂವರೆ ಟನ್ನು
ನಿನ್ನ ಬೆನ್ನೇರಿ ಕೂತಿದೆ ಅಂತ ತಿಳಿ.
ದೂರದ ಬೆಟ್ಟ ನುಣ್ಣಗೆ;
ಬಿಗ್‌ಹಾರ್ನ್ ಇಳಿಯುವಾಗ ಅದರ ಹಲ್ಲು ಕಾಣುತ್ತದೆ.

ಈ ಕೇಬಲ್ಲು ನೋಡು,
ಬಟ್ಟೆ ಒಣಹಾಕುವ ತಂತಿಯಷ್ಟೇ ತೆಳ್ಳಗೆ,
ತುದಿಯಲ್ಲೊಂದು ಪಿನ್ನು.
ಸರಪಳಿಗೆ ಸಿಕ್ಕಿಸಬೇಡ, ಹಿಚ್ಚಿಗೂ ಬೇಡ, ಗಾಡಿಯ ಚಾಸಿಗೆ.
ಗ್ರೇಬುಲ್ ದಾಟಿದ ಮೇಲೆ ಒಂದು ಸಲ
ಗುಂಡಿನಿಂದ ಕೊಂಡಿ ಕಳಚಿತು,
ಸರಪಳಿ ಹರಿಯಿತು, ಪಿನ್ನು ಕಿತ್ತು ಬಂತು.
ಡಬ್ಬಿಯೊಳಗಿನ ಬ್ಯಾಟರಿ ತಾನೇ ಬ್ರೇಕು ಹಿಡಿಯಿತು.
ಸೇಜ್ ಪೊದೆಗಳ ನಡುವೆ ನಮ್ಮ ಮನೆ
ಕಾಲೂರಿ ನಿಂತ ಹೇಸರಗತ್ತೆ.
ಒಳಗೆ ಒಂದು ಡಜನ್ ಮೊಟ್ಟೆ. ಒಂದು ಒಡೆದಿತ್ತು.
ವರ್ಲಿನ್ ಮುನ್ನೂರು ಗಜ ಹಿಂದಕ್ಕೆ ನಡೆದುಬಂದ,
ಮಾತಾಡಲಿಲ್ಲ,
ಉಳಿದ ಹನ್ನೊಂದನ್ನೂ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು ನೋಡಿದ.

ಮುಂದಾಲೋಚನೆ ಅನ್ನುತ್ತೀಯ? ಇಲ್ಲ.
ಹಿಂದಿನ ರಾತ್ರಿ ಓದುವ ದೀಪ ಮಂಕಾಗಿದೆಯೆಂದು
ನಾನು ಜಗಳ ತೆಗೆದಿದ್ದೆ,
ಆ ಜಗಳ ತಾಳಲಾರದೆ ಅವನು
ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದ.
ಪತ್ತೇದಾರಿ ಕಾದಂಬರಿ.
ಕೊಲೆಗಾರ ಯಾರೆಂದು ಈಗ ನೆನಪಿಲ್ಲ.

ದುಡ್ಡು ಜೇಬಿನಲ್ಲಿರಲಿ.
ಗುರುವಾರ ಬಾ, ಏಳು ತೂತಿನ ಸಾಕೆಟ್ಟು ಹಾಕಿಸಿಕೊಂಡು.
ಅಲ್ಲಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ.

ಹೋಗುವ ಮುಂಚೆ ಒಂದು ಕೆಲಸ.
ಟ್ರಕ್ಕು ಇನ್ನೂ ಅದಕ್ಕೆ ಸಿಕ್ಕಿಸಿಯೇ ಇದೆ.
ನಾನು ಒಳಗೆ ಕೂತು ಒತ್ತುತ್ತೇನೆ,
ನೀನು ಹಿಂದೆ ನಿಂತು ಹೇಳು.
ಮೂರು ವರ್ಷದಿಂದ ಗ್ಯಾರೇಜಿನ ಬಾಗಿಲ ಮೇಲೆ
ಬೀಳುವ ಕೆಂಪು ನೋಡಿ ಅಂದಾಜು ಮಾಡಿದ್ದೇನೆ.
ಹತ್ತಿತು ಅನ್ನು, ಆರಿತು ಅನ್ನು,
ಗಟ್ಟಿಯಾಗಿ ಕೂಗು.
ಇಲ್ಲಿಯ ಗಾಳಿ ಮೆಲ್ಲಗೆ ಆಡಿದ್ದನ್ನೆಲ್ಲ
ನಾರ್ತ್ ಡಕೋಟಾಕ್ಕೆ ಒಯ್ದುಬಿಡುತ್ತದೆ.